ನವಾಬನ ಸಾವು, ಉಸ್ಮಾನಸಾಬರ ಹುಬ್ಬು

ಸವಣೂರಿನ ಗಾದಿ ಅಂಗಡಿಯ ಉಸ್ಮಾನಸಾಬರು ಅಂದು ಬೆಳಿಗ್ಗೆ ಬಾಗಿಲು ತೆರೆದಾಗ, ಹಿಂದಿನ ದಿನ ಹಿರೇಕೆರೂರಿನಿಂದ ತಂದು ಸುರಿದಿದ್ದ ಅರಳೆಯ ರಾಶಿಯಲ್ಲಿ ಅವರ ಬೆಕ್ಕು ನವಾಬ ಮಲಗಿತ್ತು. ಕರೆದರು, ಏಳಲಿಲ್ಲ. ಬೆನ್ನು ಮುಟ್ಟಿದರು, ತಣ್ಣಗಿತ್ತು.

ಮುಖ ರಾಶಿಯೊಳಗೆ ಹುದುಗಿತ್ತು. ತಿರುಗಿಸಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ. ನೋಡುವುದಾದರೂ ಏನನ್ನು? ಅಂಗಡಿ ಅವರದು, ಅರಳೆ ಅವರದು, ಬೆಕ್ಕೂ ಅವರದು.

ಹಾಗೆ ನೋಡಿದರೆ ಬೆಕ್ಕು ಅವರ ಹೆಂಡತಿ ಖತೀಜಾಬಿಯದು. ಅಂಗಡಿಯಲ್ಲಿ ಹುಟ್ಟಿದ ಎರಡು ಬೂದಿ ಬಣ್ಣದ ಮರಿಗಳಲ್ಲಿ ಒಂದನ್ನು ಆಕೆ ಇಟ್ಟುಕೊಂಡು, ಇನ್ನೊಂದನ್ನು ಪಕ್ಕದ ಮನೆಯ ಗೆಳತಿ ಸುಶೀಲವ್ವನಿಗೆ ಕೊಟ್ಟಿದ್ದಳು. ಸುಶೀಲವ್ವ ರೊಟ್ಟಿ ಬಡಿದು ಮಾರುವವರು. ಅವರು ತಮ್ಮದಕ್ಕೆ ಗೌಡ ಎಂದು ಹೆಸರಿಟ್ಟರು. ಎರಡಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಮೈಮೇಲೆ ಅರಳೆ ಇದ್ದರೆ ನವಾಬ, ಜೋಳದ ಹಿಟ್ಟಿದ್ದರೆ ಗೌಡ. ಓಣಿಯವರ ಗುರುತು ಇಷ್ಟೇ.

ಖತೀಜಾಬಿ ತೀರಿಕೊಂಡು ಎರಡು ವರ್ಷ. ಅಂದಿನಿಂದ ಮನೆಯಲ್ಲಿ ಉಸ್ಮಾನಸಾಬರ ಮಾತಿಗೆ ಉತ್ತರ ಕೊಡುತ್ತಿದ್ದುದು ನವಾಬ ಒಂದೇ. ಅದೂ ಆಕೆಯಂತೆಯೇ, ತನಗೆ ಬೇಕೆನಿಸಿದಾಗ ಮಾತ್ರ.

ಅವರು ಹೊಸ ಬಟ್ಟೆ ಹರಿದರು. ಒಳ್ಳೆಯ ಅರಳೆ ತುಂಬಿ, ಅಂಗೈ ಅಗಲದ ದಿಂಬಿನೊಂದಿಗೆ ಪುಟ್ಟದೊಂದು ಗಾದಿ ಹೊಲಿದರು. ಮದುವೆ ಗಾದಿಗೂ ಅಷ್ಟು ಒತ್ತಾಗಿ ಟಾಕಿ ಹೊಲಿಗೆ ಹಾಕಿದವರಲ್ಲ. ಬೆಕ್ಕನ್ನು ಅದರಲ್ಲಿ ಸುತ್ತಿ, ಹಿತ್ತಲಿನ ಲಿಂಬೆ ಗಿಡದ ಕೆಳಗೆ ಹೂತು, ಯಾರಿಗೂ ಹೇಳದೆ ಕೈ ತೊಳೆದರು. ಅರವತ್ತೆರಡರ ಗಂಡಸು ಬೆಕ್ಕಿಗಾಗಿ ಅತ್ತನೆಂದರೆ ಓಣಿ ಆರು ತಿಂಗಳು ನಗುತ್ತದೆ.

ಅಂದು ಶುಕ್ರವಾರ. ನಮಾಜಿಗೆ ಮೊದಲು ಗಡ್ಡ ಒಪ್ಪ ಮಾಡಿಸಲು ಅಂಬರೀಶನ ಕಟಿಂಗ್ ಅಂಗಡಿಗೆ ಹೋದರು. ಅಂಬರೀಶ ದಿನವಿಡೀ ಮೊಬೈಲಿನಲ್ಲಿ ಲೋಕದ ಸಂಗತಿ ನೋಡಿ, ಕತ್ತಿಯ ಕೆಳಗೆ ಸಿಕ್ಕವರಿಗೆ ಹೇಳುವವನು.

"ಯಾಕ್ರಿ ಸಾಬರ, ಕಣ್ಣು ಕೆಂಪಗಾಗ್ಯಾವ?"

"ನವಾಬ ಹೋದ."

"ಅಯ್ಯಯ್ಯ! ಛಲೋ ಬೆಕ್ಕ ಇತ್ತಲ್ರಿ!" ಅಂಬರೀಶ ಕುರ್ಚಿ ಹಿಂದಕ್ಕೆ ಬಾಗಿಸಿದ. "ನಿಮಗ ಗೊತ್ತೈತೇನ್ರಿ, ಹಿಂದಕ ಈಜಿಪ್ತದಾಗ ಬೆಕ್ಕಂದ್ರ ದೇವರಂತ. ಬಾಸ್ತೆತ್ ಅಂತ ಒಬ್ಬಾಕಿ ದೇವಿ, ಆಕಿ ಮಾರೀನ ಬೆಕ್ಕಿಂದು. ಕಾಳು ತಿನ್ನೋ ಇಲಿ ಹಿಡಿತಿದ್ವು, ಹಾವು ಕೊಲ್ತಿದ್ವು, ಅದಕ್ಕ ಅಷ್ಟು ಮರ್ಯಾದಿ. ಸತ್ತರ ಬಟ್ಟಿ ಸುತ್ತಿ ಇಡೋರಂತ."

ಉಸ್ಮಾನಸಾಬರು ಕಣ್ಣು ಮುಚ್ಚಿದರು. ತಾವು ಸುತ್ತಿದ ಬಟ್ಟೆ ನೆನಪಾಯಿತು.

"ಇನ್ನೊಂದು ಕೇಳ್ರಿ. ಮನ್ಯಾನ ಬೆಕ್ಕ ಸತ್ತರ ಮನಿ ಮಂದಿ ಎಲ್ಲಾ ಹುಬ್ಬ ಬೋಳಿಸ್ಕೊಂತಿದ್ರಂತ! ಅಷ್ಟು ದುಃಖ ಆಗ್ತೈತಿ ಅಲ್ರಿ?"

"ಹೂಂ," ಎಂದರು ಉಸ್ಮಾನಸಾಬರು, ಕೊನೆಯ ಮಾತಿಗೆ.

ಅಂಬರೀಶ ಒಪ್ಪಿಗೆ ಸಿಕ್ಕಿತೆಂದುಕೊಂಡ. ತಣ್ಣನೆಯ ಕತ್ತಿ ಕಣ್ಣಿನ ಮೇಲೆ ಸರಿದಾಗ ಉಸ್ಮಾನಸಾಬರು ಹೌಹಾರಿ ಎದ್ದರು. ಅಷ್ಟರಲ್ಲಿ ಬಲಹುಬ್ಬು ಟವೆಲಿನ ಮೇಲಿತ್ತು.

"ಏನ ಮಾಡ್ದ್ಯೋ ಮಾರಾಯಾ!"

"ನೀವ ಹೂಂ ಅಂದ್ರಲ್ರಿ! ಕುಂತ್ಕೋರಿ, ಒಂದ ಬಿಟ್ರ ಇನ್ನೂ ಕೆಟ್ಟ ಕಾಣ್ತೈತಿ."

ಅದೂ ನಿಜವೇ. ಎರಡನೆಯದೂ ಹೋಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಸುಲಿದ ಆಲೂಗಡ್ಡೆಯಂತಿತ್ತು.

ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ನಮಾಜು ಮುಗಿಸಿ ಬರುವಷ್ಟರಲ್ಲಿ, ಅಂಬರೀಶನ ಕೃಪೆಯಿಂದ ಸುದ್ದಿ ಅವರಿಗಿಂತ ಮುಂದೆ ಓಣಿ ತಲುಪಿತ್ತು. ಚಹಾ ಅಂಗಡಿಯ ಅತೀಕ, "ಚಾಚಾ, ಕೋಳಿ ಸತ್ತರ ಏನ ಬೋಳಿಸೋದು?" ಎಂದು ಕೂಗಿದ. ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಖತೀಜಾಬಿಯ ತಂಗಿ ಮುನವ್ವರಾ ಮಾತ್ರ ನಗಲಿಲ್ಲ. ನೇರ ಅಂಗಡಿಗೆ ಬಂದು ನಿಂತಳು.

"ಭಾಯಿ, ನಮ್ಮಕ್ಕ ಹೋದಾಗ ನೀವು ಒಂದ ಹನಿ ಕಣ್ಣೀರ ಹಾಕ್ಲಿಲ್ಲ. ಬೆಕ್ಕಿಗೆ ಹುಬ್ಬ ಬೋಳಿಸ್ಕೊಂಡ್ರೇನು?"

"ಅವತ್ತು ಬಂದ ಮಂದಿಗೆ ಕುಂದ್ರಾಕ ಗಾದಿ ಹಾಸಾಕತ್ತಿದ್ದೆ, ಮುನವ್ವರಾ," ಎಂದರು ಉಸ್ಮಾನಸಾಬರು. "ಅಳಾಕ ಹೊತ್ತ ಸಿಗ್ಲಿಲ್ಲ."

ಮುನವ್ವರಾ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟುಹೋದಳು.

ಮೂರು ಗಂಟೆಯ ಸುಮಾರಿಗೆ ಹಿತ್ತಲ ಗೋಡೆ ಹಾರಿ ಒಂದು ಬೆಕ್ಕು ಬಂತು. ಎಲ್ಲೋ ಗಟಾರಿಗೆ ಬಿದ್ದು ಮೈಯೆಲ್ಲ ತೊಯ್ದಿತ್ತು. ಅರಳೆಯೂ ಇಲ್ಲ, ಹಿಟ್ಟೂ ಇಲ್ಲ. ಗೌಡ ಇರಬೇಕೆಂದು ಉಸ್ಮಾನಸಾಬರು ಹೂಶ್ ಎಂದರು. ಬೆಕ್ಕು ಕಿವಿಗೆ ಹಾಕಿಕೊಳ್ಳಲಿಲ್ಲ. ಕಪಾಟಿನ ಕೆಳಗಿನ ಖಾನೆಗೆ ಇಳಿದು, ಅಲ್ಲಿ ಮಡಚಿಟ್ಟ ಖತೀಜಾಬಿಯ ಹಳೆಯ ದುಪ್ಪಟಿಯನ್ನು ಮುಂಗಾಲಿನಿಂದ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿಕೊಂಡು ಮಲಗಿತು. ಆ ಜಾಗ ಲೋಕದಲ್ಲಿ ಒಂದೇ ಬೆಕ್ಕಿಗೆ ಗೊತ್ತು.

"ನವಾಬ!"

ಬೆಕ್ಕು ಒಂದು ಕಣ್ಣು ತೆರೆಯಿತು. ಉಸ್ಮಾನಸಾಬರು ಅದನ್ನು ಎತ್ತಿ ಎದೆಗೊತ್ತಿಕೊಂಡು, ಬೆಳಿಗ್ಗೆ ತಡೆದದ್ದನ್ನೆಲ್ಲ ಅತ್ತರು. ಅತ್ತು ನಕ್ಕರು. ಆಮೇಲೆ ಕಣ್ಣು ಹಿತ್ತಲಿನ ಲಿಂಬೆ ಗಿಡದತ್ತ ಹೋಯಿತು. ನಗು ಅಲ್ಲೇ ನಿಂತಿತು.

ಹಾಗಾದರೆ ಅಲ್ಲಿರುವುದು ಗೌಡ. ಬೇಸಿಗೆಯಲ್ಲಿ ಸುಶೀಲವ್ವ ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದಾಗ ಕಾಲಬುಡ ಬಿಟ್ಟು ಕದಲದ ಗೌಡ.

"ಸಾಬರ, ಅದೀರೇನ್ರಿ?" ಸುಶೀಲವ್ವನೇ ಬಂದರು, ಹಿಟ್ಟಿನ ಕೈಯಲ್ಲೇ. "ನಮ್ಮ ಗೌಡನ್ನ ಕಂಡ್ರೇನು? ನಿನ್ನಿ ಸಂಜಿಂದ ಮನಿಗೆ ಬಂದಿಲ್ರಿ. ಜೀವ ನಿಲ್ಲವಲ್ದು."

ಉಸ್ಮಾನಸಾಬರು ಬಾಯಿ ತೆರೆದರು. ಅಷ್ಟರಲ್ಲಿ ಸುಶೀಲವ್ವನ ಕಣ್ಣು ಬೆಕ್ಕಿನ ಮೇಲೆ ಬಿತ್ತು. ನವಾಬ ಸತ್ತದ್ದು ಊರಿಗೇ ಗೊತ್ತು, ಸಾಕ್ಷಿ ಸಾಬರ ಮುಖದ ಮೇಲೆಯೇ ಇತ್ತು. ಉಳಿದದ್ದು ಇನ್ನಾರು?

"ಅಯ್ಯ ನನ್ನ ಬಂಗಾರ! ಇಲ್ಲೇ ಕುಂತೀಯೇನು? ಅಣ್ಣ ಹೋದಾಂತ ಸಾಬರ್ನ ಮಾತಾಡ್ಸಾಕ ಬಂದಾನ ನೋಡ್ರಿ!" ಕಿತ್ತುಕೊಂಡವರೇ ಮುಖಕ್ಕೊತ್ತಿಕೊಂಡರು.

ಹೇಳಬೇಕಾದದ್ದು ಒಂದೇ ಮಾತು. ಬೆಳಿಗ್ಗೆ ಅರಳೆಯ ರಾಶಿಯೆದುರು ತಮಗೆ ಆದದ್ದೇ ಇವರಿಗೆ ಈಗ ಆಗಬೇಕು, ಅಷ್ಟೇ. ಉಸ್ಮಾನಸಾಬರು ಲಿಂಬೆ ಗಿಡಕ್ಕೆ ಬೆನ್ನು ತಿರುಗಿಸಿದರು.

"ಹೌದ್ರಿ ಅಕ್ಕಾರ. ಈಗ ಬಂದ."

ಸುಶೀಲವ್ವ ಕೂಡಲೇ ಹೋಗಲಿಲ್ಲ. ದುಃಖದ ಮನೆಗೆ ಬಂದು ಹಾಗೇ ಎದ್ದು ಹೋಗುವುದುಂಟೆ? ಮೆಟ್ಟಿಲ ಮೇಲೆ ಕೂತು, ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು, ಸೆರಗು ಕಣ್ಣಿಗೆ ಒತ್ತಿಕೊಂಡರು.

"ನಂದು ಸಿಕ್ತು, ನಿಮ್ಮದು ಹೋತು. ಎಂಥಾ ಬೆಕ್ಕರಿ ಅದು! ಹೇಳ್ರಿ ಸಾಬರ, ಹೇಳಿದ್ರ ಮನಸ ಹಗರ ಆಗ್ತೈತಿ."

ಉಸ್ಮಾನಸಾಬರು ಅವರೆದುರು ಕೂತು, ನವಾಬ ಎಂಥವನಿದ್ದನೆಂದು ಒಂದೊಂದಾಗಿ ಹೇಳತೊಡಗಿದರು. ಸುಶೀಲವ್ವ ಬಿಕ್ಕಿ ಬಿಕ್ಕಿ ಅತ್ತರು. ನವಾಬ ಅವರ ಮಡಿಲಲ್ಲಿ ಗುರುಗುಡುತ್ತ, ತನ್ನ ಗುಣಗಾನ ಕೇಳುತ್ತ ನಿದ್ದೆ ಹೋಯಿತು.