ವಿಮಾನದ ಬಾಲದಲ್ಲಿ ಹನ್ನೊಂದು ದಪ್ಪ ರಿವೆಟ್‌ಗಳು

ದೋಣಿಗಲ್ ಸಮೀಪದ ಕಾಫಿ ಎಸ್ಟೇಟೊಂದರಲ್ಲಿ ನಾನು ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಲದಲ್ಲಿ, ಒಂದು ವಿಮಾನವನ್ನು ಕಟ್ಟುವ ಕಾರ್ಯದಲ್ಲಿ ಭಾಗವಹಿಸಿದ್ದೇನೆ. ಈ ವಾಕ್ಯವನ್ನು ಓದಿ ನಗುವವರ ಬಗ್ಗೆ ನನ್ನ ಆಕ್ಷೇಪಣೆಯೇನೂ ಇಲ್ಲ. ಆದರೆ ಮುಂದೆಯೂ ನಗುವ ಪ್ರಸಂಗಗಳಿವೆ. ಸ್ವಲ್ಪ ನಗುವನ್ನು ಉಳಿಸಿಕೊಳ್ಳಬೇಕೆಂದು ವಿನಂತಿ.

ನಮ್ಮ ವಂಶದಲ್ಲಿ ಪದವಿ ಪಡೆದವರ ಪೈಕಿ ನಾನೇ ಮೊದಲಿಗ. ಇತಿಹಾಸದಲ್ಲಿ ಬಿ.ಎ., ದ್ವಿತೀಯ ದರ್ಜೆ. ನಮ್ಮ ಯಜಮಾನರಾದ ಚಂದ್ರಮೌಳಿ ಸಾಹುಕಾರರು ಯೌವನದಲ್ಲಿ ವಿಮಾನ ಹಾರಿಸಲು ಕಲಿತವರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವರು ಮನೆಯಲ್ಲೇ ಜೋಡಿಸಬಹುದಾದ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನವೊಂದರ ಬಿಡಿಭಾಗಗಳನ್ನು ಅಮೆರಿಕದಿಂದ ತರಿಸಿದರು. ಮಂಗಳೂರು ಬಂದರಿನಿಂದ ಲಾರಿಯಲ್ಲಿ ಘಾಟಿ ಹತ್ತಿ ಬಂದ ಮರದ ಪೆಟ್ಟಿಗೆಗಳು, ಖಾಲಿ ಬಿದ್ದಿದ್ದ ಕಾಫಿ ಸ್ಟೋರನ್ನು ಸೇರಿದವು. ಜೊತೆಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದಿತ್ತು.

"ರೈಟರೇ, ನೀವು ಬಿ.ಎ. ಅಲ್ವ? ಇದನ್ನ ಓದ್ಕಂಡು ಬಾಲದಿಂದ ಶುರು ಮಾಡಿ. ನಂಗೆ ಸಣ್ಣ ಅಕ್ಷರ ಕಾಣಲ್ಲ," ಎಂದರು ಸಾಹುಕಾರರು.

"ಖಂಡಿತವಾಗಿಯೂ ನಿರ್ವಹಿಸುತ್ತೇನೆ ಸರ್," ಎಂದೆ.

ನಾನು ಓದಿದ್ದ ಇತಿಹಾಸದಲ್ಲಿ ಯಾವ ಸಾಮ್ರಾಜ್ಯವೂ ಇಷ್ಟು ಧೈರ್ಯದಿಂದ ಪ್ರಾರಂಭವಾಗಿರಲಿಲ್ಲ. ಆ ಸಾಮ್ರಾಜ್ಯಗಳೆಲ್ಲ ಏನಾದವೆಂಬುದೂ ನನಗೆ ತಿಳಿದಿತ್ತು. ಆಗ ನೆನಪಾಗಲಿಲ್ಲ.

ಸಾಹುಕಾರರು ಒಂದು ಷರತ್ತನ್ನೂ ಹಾಕಿದರು. "ಬಾಲದ ಚುಕ್ಕಾಣಿ ಒಂದನ್ನ ಮೊದ್ಲು ಮುಗ್ಸಿ. ಬೆಂಗಳೂರಿಂದ ತಪಾಸಣೆಯೋರು ಬಂದು ಸರಿ ಐತೆ ಅಂದ್ರೆ ರೆಕ್ಕೆ ಕೆಲ್ಸನೂ ನಿಮ್ಗೇ. ಇಲ್ಲಾಂದ್ರೆ ಕಸುಬುದಾರನ್ನ ಕರೆಸ್ತೀನಿ. ನೀವು ಹಾಜರಿ ಪುಸ್ತಕ ನೋಡ್ಕಳಿ."

ಷರತ್ತು ನನ್ನೊಬ್ಬನಿಗೆ ಸಂಬಂಧಿಸಿದ್ದಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅಷ್ಟರಲ್ಲಿ ನನ್ನ ತಂದೆಯವರು ಆಲೂರು ಬಸ್ ಸ್ಟ್ಯಾಂಡಿನಲ್ಲಿ, "ನಮ್ಮ ಹುಡ್ಗ ಇಮಾನ ಕಟ್ತಾವ್ನೆ ಕಣ್ರಯ್ಯ. ಬಿ.ಎ. ಓದ್ಸಿದ್ದು ಸುಮ್ನೆ ಅಲ್ಲ," ಎಂದು ಸಾರಿಬಿಟ್ಟಿದ್ದರು. ಸುದ್ದಿ ಬಾಳ್ಳುಪೇಟೆ ದಾಟಿ ಸಕಲೇಶಪುರ ತಲುಪುವ ವೇಳೆಗೆ ನಾನು ವಿಮಾನದಲ್ಲಿ ಹಾಸನಕ್ಕೆ ಹೋಗಿಬಂದೂ ಆಗಿತ್ತು. ಇನ್ನು ನಾನು ಹಾಜರಿ ಪುಸ್ತಕಕ್ಕೆ ಮರಳಿದರೆ, ನನ್ನ ತಂದೆಯವರು ಆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವುದಾದರೂ ಹೇಗೆ?

ರಿವೆಟ್ ಎಂದರೆ ತಲೆಯಿರುವ ಮೆತ್ತನೆಯ ಸಣ್ಣ ಮೊಳೆ. ಅದನ್ನು ಎರಡು ತಗಡುಗಳ ತೂತಿನಲ್ಲಿ ತೂರಿಸಿ, ಹೊರಗಿನಿಂದ ಒಬ್ಬರು ಗಾಳಿಯ ಗನ್ನಿನಿಂದ ತಲೆಯನ್ನು ಬಡಿಯಬೇಕು. ಒಳಗಿನಿಂದ ಇನ್ನೊಬ್ಬರು ಅದರ ತುದಿಗೆ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿಯಬೇಕು. ತುದಿ ಚಪ್ಪಟೆಯಾಗಿ ತಗಡುಗಳು ಕಚ್ಚಿಕೊಳ್ಳುತ್ತವೆ.

ಮೊದಲ ದಿನ ಸಾಹುಕಾರರು ಗನ್ ಹಿಡಿದರು. ನಾನು ಚುಕ್ಕಾಣಿಯ ಕಿರಿದಾದ ಸಂದಿಯೊಳಗೆ ಕೈ ತೂರಿಸಿದೆ. ಕೈ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಪಕ್ಕದಲ್ಲೇ ಇದ್ದ ನಮ್ಮ ಕ್ವಾರ್ಟರ್ಸಿನಿಂದ ನನ್ನ ಪತ್ನಿ ಸರ್ವಮಂಗಳ ಕೊಬ್ಬರಿ ಎಣ್ಣೆಯ ಬಾಟಲಿಯೊಡನೆ ಧಾವಿಸಿದಳು. ಅರ್ಧ ಬಾಟಲಿ ಖರ್ಚಾದ ಮೇಲೆ ಕೈ ಬಿಡುಗಡೆಯಾಯಿತು. ಅವಳು ತನ್ನ ಕೈಯನ್ನು ಅದೇ ಸಂದಿಯಲ್ಲಿ ಸಲೀಸಾಗಿ ತೂರಿಸಿ, ಹೊರತೆಗೆದು ತೋರಿಸಿದಳು.

"ಇಷ್ಟಕ್ಕೆ ಇಷ್ಟೊಂದು ಒದ್ದಾಡ್ಬುಟ್ರಾ?"

"ಒಳಗಿನ ಕೆಲ್ಸ ನಮ್ಮ ಮಂಗಳಮ್ಮಂಗೇ ಇರ್ಲಿ ರೈಟರೇ," ಎಂದು ಸಾಹುಕಾರರು ಗನ್ನನ್ನು ನನ್ನ ಕೈಗಿತ್ತು, ತಮಗೂ ಹತ್ತಿದ್ದ ಎಣ್ಣೆ ಒರೆಸಿಕೊಳ್ಳುತ್ತ ಹೊರಟುಹೋದರು.

ಪದವೀಧರನಾದ ನಾನು ಕಾರ್ಯವನ್ನು ಕ್ರಮಬದ್ಧಗೊಳಿಸಲು ನಿರ್ಧರಿಸಿದೆ. ಒಂದು ಹಾಳೆಯಲ್ಲಿ 'ಸಂಕೇತ ನಿಯಮಾವಳಿ' ಎಂದು ಬರೆದು ಗೋಡೆಗೆ ಅಂಟಿಸಿದೆ. ಒಳಗಿನಿಂದ ಒಂದು ಸಲ ತಟ್ಟಿದರೆ, ರಿವೆಟ್ ಸರಿಯಾಗಿದೆ. ಎರಡು ಸಲ ತಟ್ಟಿದರೆ, ಇನ್ನಷ್ಟು ಬಡಿಯತಕ್ಕದ್ದು. ಮೂರು ಸಲ ತಟ್ಟಿದರೆ, ಕೆಟ್ಟಿದೆ, ಕೀಳತಕ್ಕದ್ದು.

"ಬಾಯಲ್ಲಿ ಹೇಳಿದ್ರೆ ಆಗಲ್ವೇನ್ರೀ?"

"ಗನ್ನಿನ ಸದ್ದಿಗೆ ಇಬ್ಬರೂ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಬೇಕು. ನಾನು ತಗಡಿನ ಮೇಲೆ ಬೆರಳಿಟ್ಟಿರುತ್ತೇನೆ. ನೀನು ತಟ್ಟಿದ್ದು ತಿಳಿಯುತ್ತದೆ."

"ಸರಿ ಬಿಡಿ. ನಿಮ್ಮ ಆಫೀಸು ನಿಮ್ಮ ರೂಲ್ಸು."

ಅಂದು ಸಂಜೆಯವರೆಗೂ ಕೆಲಸ ಸಾಗಿತು. ಕೆಲವು ರಿವೆಟ್‌ಗಳಿಗೆ ನನ್ನ ಬೆರಳಿನಡಿ ಸ್ಪಷ್ಟವಾಗಿ ಟಕ್, ಟಕ್, ಟಕ್ ಎಂದು ಬಂದಿತು. ಹೊರಗಿನಿಂದ ಅವುಗಳ ತಲೆ ಮುತ್ತಿನಂತೆ ಕಾಣುತ್ತಿತ್ತು. ಆದರೂ ನಿಯಮ ನಿಯಮವೇ. ಅಂಥವುಗಳ ಸುತ್ತ, ಮೌಲ್ಯಮಾಪಕರು ಉತ್ತರಪತ್ರಿಕೆಗೆ ಸುತ್ತುವಂತೆ, ಕೆಂಪು ಪೆನ್ಸಿಲ್ಲಿನಿಂದ ವೃತ್ತ ಸುತ್ತಿದೆ. ಒಟ್ಟು ಹನ್ನೊಂದು. ಪಾಪ, ಅವಳಿಗೆ ಅಭ್ಯಾಸವಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿದೆ. ನನ್ನ ಔದಾರ್ಯ ನನಗೇ ಮೆಚ್ಚುಗೆಯಾಯಿತು.

ಮರುದಿನ ಬೆಳಿಗ್ಗೆ ಅವಳು ರಾಗಿ ಬೀಸಿಸಲು ಗಿರಣಿಗೆ ಹೋದಾಗ, ತಪ್ಪುಗಳನ್ನು ತಿದ್ದಲು ನಾನೊಬ್ಬನೇ ಕುಳಿತೆ. ಕೆಟ್ಟ ರಿವೆಟ್ಟನ್ನು ಕೀಳುವ ವಿಧಾನ ಪುಸ್ತಕದಲ್ಲಿತ್ತು. ತಲೆಯ ನಟ್ಟನಡುವೆ ಡ್ರಿಲ್ ಇಡಬೇಕು. ತಲೆಯಷ್ಟೇ ಆಳಕ್ಕೆ ಕೊರೆಯಬೇಕು. ತಲೆ ಹಾರಿದ ಮೇಲೆ ಉಳಿದ ಕಡ್ಡಿಯನ್ನು ಮೆಲ್ಲನೆ ತಳ್ಳಬೇಕು. ನಾನು ನಟ್ಟನಡುವೆಯೇ ಇಟ್ಟೆ. ಡ್ರಿಲ್ ನಟ್ಟನಡುವೆ ಉಳಿಯಲಿಲ್ಲ. ತಲೆಯಷ್ಟೇ ಆಳಕ್ಕೆ ಕೊರೆಯಬೇಕೆಂದು ಉಸಿರು ಬಿಗಿಹಿಡಿದೆ. ಉಸಿರು ನಿಂತಿತು, ಡ್ರಿಲ್ ನಿಲ್ಲಲಿಲ್ಲ.

ಹನ್ನೊಂದೂ ಕಿತ್ತು ಬಂದವು. ಹನ್ನೊಂದು ತೂತುಗಳೂ ಅಗಲವಾದವು. ಹೊಸ ರಿವೆಟ್ ಹಾಕಿ ನೋಡಿದರೆ, ಬೀಳಲಿರುವ ಹಾಲುಹಲ್ಲಿನಂತೆ ಅಲುಗಾಡಿತು. ಚುಕ್ಕಾಣಿಯನ್ನು ಎತ್ತಿದರೆ, ಒಳಗೆ ಬಿದ್ದ ಕಡ್ಡಿಗಳೆಲ್ಲ ಗಿಲಕಿಯಂತೆ ಗಲಗಲ ಎಂದವು. ಅಮೆರಿಕದವರು ಸಮುದ್ರ ದಾಟಿಸಿ ಕಳುಹಿಸಿದ ಚುಕ್ಕಾಣಿಯನ್ನು ನಾನು ತೊಟ್ಟಿಲಿಗೆ ಕಟ್ಟುವಂತೆ ಮಾಡಿದ್ದೆ!

ಗಿರಣಿಯಿಂದ ಬಂದ ಸರ್ವಮಂಗಳ ಬಾಗಿಲಲ್ಲೇ ನಿಂತಳು.

"ಅಯ್ಯೋ, ಚೆನ್ನಾಗಿದ್ದೋವ್ನೆಲ್ಲ ಯಾಕ್ರೀ ಕಿತ್ತಾಕಿದ್ರಿ?"

"ಕೆಟ್ಟಿವೆ ಎಂದು ನೀನೇ ಮೂರು ಸಲ ತಟ್ಟಿದೆಯಲ್ಲ?"

"ನಾನೆಲ್ಲಿ ಮೂರು ಸಲ ತಟ್ದೆ? ಒಂದೂ ಕೆಟ್ಟಿರ್ಲಿಲ್ಲ. ಎಲ್ಲಕ್ಕೂ ಒಂದೊಂದೇ ತಟ್ದೆ."

"ಉಳಿದೆರಡು ಯಾರು ತಟ್ಟಿದರು?"

ಅವಳು ಕೈಯೆತ್ತಿ ಅಲ್ಲಾಡಿಸಿದಳು. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು ಗಲ್ಲೆಂದವು.

ಅವಳು ತಟ್ಟಿ ಕಬ್ಬಿಣದ ತುಂಡನ್ನು ಜರುಗಿಸುವಾಗ, ಹನ್ನೊಂದು ಸಲ ಬಳೆಗಳೂ ಎರಡೆರಡು ಬಾರಿ ತಗಡಿಗೆ ತಾಗಿದ್ದವು. ನಾನು ಒಂದು ಹಗಲಿಡೀ ನನ್ನ ಪತ್ನಿಯ ಬಳೆಗಳ ಅಭಿಪ್ರಾಯವನ್ನು ನಿಯಮಾವಳಿಯ ಪ್ರಕಾರ ದಾಖಲಿಸಿದ್ದೆ. ಕೀಳುವ ಮುನ್ನ ಒಳಗೊಂದು ಸಣ್ಣ ಕನ್ನಡಿ ಹಿಡಿದು ನೋಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಆ ಪುಟವನ್ನು ಸಾಹುಕಾರರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ.

ತಪಾಸಣೆಗೆ ಎರಡೇ ದಿನ ಉಳಿದಿತ್ತು. ನಾನು ಕುಳಿತು, "ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅತ್ಯಂತ ವಿಷಾದದಿಂದ ನಿವೇದಿಸಿಕೊಳ್ಳುವುದೇನೆಂದರೆ" ಎಂದು ಕ್ಷಮಾಪಣೆಯ ಪತ್ರ ಆರಂಭಿಸಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸರ್ವಮಂಗಳ ಅಡುಗೆಮನೆಯಿಂದ ಅನ್ನದ ಡಬರಿಯನ್ನು ತಂದು ಪತ್ರದ ಮೇಲೆಯೇ ಇಟ್ಟಳು.

"ಇದ್ರ ಹಿಡಿ ನೋಡಿ. ಮೊಳೆ ಸಡ್ಲ ಆಗಿ ತೂತು ಅಗಲ ಆಗೋಗಿತ್ತು. ಬಾಳ್ಳುಪೇಟೆ ಪಾತ್ರೆ ರಿಪೇರಿಯೋನು ಡಬರಿ ಬಿಸಾಕು ಅಂದ್ನಾ? ಒಂಚೂರು ದಪ್ಪದ ಮೊಳೆ ಹೊಡ್ದು ಕೊಟ್ಟ. ಮೂರು ವರ್ಷ ಆಯ್ತು, ಅಲ್ಲಾಡಿಲ್ಲ."

"ಇದು ವಿಮಾನ, ಸರ್ವಮಂಗಳ. ಡಬರಿಯಲ್ಲ."

"ತಗಡು ತಗಡೇ ಕಣ್ರೀ. ನಿಮ್ಮ ಪುಸ್ತಕದಾಗೆ ಏನೈತೆ ನೋಡಿ ಮೊದ್ಲು."

ಅವಳ ಸಮಾಧಾನಕ್ಕೆಂದು ಪುಸ್ತಕ ತೆರೆದೆ. ನಾನು ಓದಿ ನಿಲ್ಲಿಸಿದ್ದ ಪುಟದ ಹಿಂಬದಿಯಲ್ಲೇ ಇತ್ತು: ಕೀಳುವಾಗ ತೂತು ಅಗಲವಾದಲ್ಲಿ ಮುಂದಿನ ಗಾತ್ರದ ರಿವೆಟ್ ಬಳಸಬಹುದು. ಅಂಥ ರಿವೆಟ್‌ಗಳ ಪೊಟ್ಟಣವೂ ಪೆಟ್ಟಿಗೆಯಲ್ಲೇ ಇತ್ತು. ನನ್ನಂಥವರು ಲೋಕದಲ್ಲಿದ್ದಾರೆಂದು ಆ ದೂರದೇಶದವರಿಗೆ ಮೊದಲೇ ತಿಳಿದಿತ್ತು.

ಬಳೆ ಬಿಚ್ಚಲು ಸರ್ವಮಂಗಳ ಒಪ್ಪಲಿಲ್ಲ. "ಇಮಾನಕ್ಕೋಸ್ಕರ ಬರಿಗೈಲಿ ಕೂತ್ಕಳಕ್ಕಾಗಲ್ಲ" ಎಂದು ನನ್ನ ಕರವಸ್ತ್ರವನ್ನೇ ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಳು. ಒಳಗೆ ಕೈ ಹಾಕಿ ಉದುರಿದ್ದ ಕಡ್ಡಿಗಳನ್ನು ಎಣಿಸಿ ಹೊರತೆಗೆದಳು. ನಿಯಮಾವಳಿಯ ಹಾಳೆಯನ್ನು ಗೋಡೆಯಿಂದ ಕಿತ್ತು ಅದರಲ್ಲೇ ಅವನ್ನು ಪೊಟ್ಟಣ ಕಟ್ಟಿದಳು. ತೂತುಗಳನ್ನು ಸಮ ಮಾಡಿ ದಪ್ಪ ರಿವೆಟ್‌ಗಳನ್ನು ಕೂರಿಸಿದೆವು. ಪ್ರತಿ ಸಲವೂ ಅವಳು ಕಿವಿಯ ಹತ್ತಿ ತೆಗೆದು, ಕನ್ನಡಿಯಲ್ಲಿ ನೋಡಿ, ಬಾಯಲ್ಲೇ "ಸರಿ ಐತೆ, ಮುಂದುಕ್ಕೆ ಹೋಗಿ" ಎಂದಳು. ನಾನು ಮುಂದಕ್ಕೆ ಹೋದೆ.

ತಪಾಸಣೆಗೆ ಬಂದವರು ನಿವೃತ್ತ ತಂತ್ರಜ್ಞರು, ಮಿತಭಾಷಿಗಳು. ಕನ್ನಡಿ, ಟಾರ್ಚು ಹಿಡಿದು ಒಂದು ಗಂಟೆ ಬಗ್ಗಿ ನೋಡಿದರು. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಹನ್ನೊಂದು ದಪ್ಪ ತಲೆಗಳ ಮೇಲೆ ಅವರ ಬೆರಳು ಒಂದೊಂದಾಗಿ ಹಾದುಹೋಯಿತು.

"ಇಲ್ಲಿ ಕಿತ್ತು ಮತ್ತೆ ಹಾಕಿದ್ದೀರಿ. ಸರಿಯಾಗಿದೆ," ಎಂದರು. ಬಳಿಕ, "ಒಳಗೆ ಹಿಡಿದ ಕೈ ಯಾರದು? ಇಷ್ಟು ಸಮನಾಗಿ ಬರುವುದು ಅಪರೂಪ. ಚುಕ್ಕಾಣಿ ಪಾಸು."

ಸಾಹುಕಾರರು ಸರ್ವಮಂಗಳಳನ್ನು ತೋರಿಸಿದರು. ಅವಳು ಕರವಸ್ತ್ರ ಸುತ್ತಿದ ಕೈಯನ್ನು ಸೆರಗಿನಡಿ ಮರೆಮಾಡಿಕೊಂಡಳು.

"ರೆಕ್ಕೆಗೂ ಇವರೇ ಇರಲಿ," ಎಂದು, ಆ ಮಹನೀಯರು ನನ್ನತ್ತ ತಿರುಗಿದರು. "ಇವರು?"

"ಪುಸ್ತಕ ಓದ್ತಾರೆ," ಎಂದರು ಸಾಹುಕಾರರು.

ರೆಕ್ಕೆಗಳೂ ನಮಗೇ ದೊರೆತವು. ಎರಡು ವರ್ಷಗಳ ತರುವಾಯ, ಬೆಂಗಳೂರಿನಾಚೆಯ ಸಣ್ಣದೊಂದು ಮೈದಾನದಿಂದ ಆ ವಿಮಾನ ಬೆಳಗಿನ ಬಿಸಿಲಿನಲ್ಲಿ ನೆಲ ಬಿಟ್ಟು ಮೇಲೇರಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಗಿಲಕಿಯ ಸದ್ದು ಬರಲಿಲ್ಲ. ನನ್ನ ತಂದೆಯವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದ ಅಪರಿಚಿತರೊಬ್ಬರ ಭುಜ ಹಿಡಿದರು.

"ಆ ಬಾಲ ಐತಲ್ಲ ಸ್ವಾಮಿ, ನಮ್ಮ ಹುಡ್ಗ ಕಟ್ಟಿದ್ದು."

"ನಿಜ ಮಾವ," ಎಂದಳು ಸರ್ವಮಂಗಳ, ಬಳೆ ಸರಿಪಡಿಸಿಕೊಳ್ಳುತ್ತ. "ಅದ್ರಾಗೆ ಹನ್ನೊಂದನ್ನ ಎರಡೆರಡು ಸಲ ಕಟ್ಟವ್ರೆ."

ತಂದೆಯವರು ಆ ಮಾತನ್ನು ನನ್ನ ಶ್ರದ್ಧೆಗೆ ಸಂದ ಪ್ರಶಂಸೆಯೆಂದು ಭಾವಿಸಿದರು. ಇಂದಿಗೂ ಆಲೂರು ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ತಿದ್ದಬೇಕೆಂದು ಹಲವು ಸಲ ಅನ್ನಿಸಿದೆ. ಆದರೆ ತಿದ್ದಲು ಹೋದರೆ ನನ್ನಿಂದ ಏನಾಗುತ್ತದೆಂಬುದು ಈಗ ನನಗೆ ಚೆನ್ನಾಗಿ ತಿಳಿದಿದೆ.