ಅರವತ್ತು ರೊಟ್ಟಿಯ ನೆಟ್ಟನೆಯ ಗೆರೆ

ಸವಿತಾ: ಅರವತ್ತ ರೊಟ್ಟಿ ಮೂರ ತಾಸಿನ್ಯಾಗ ಆಗ್ತಾವಂತ ನಿಮಗ ಯಾರ ಹೇಳಿದ್ರು?

ಪರಮಾನಂದ: ಯಾರ್ಯಾಕ ಹೇಳಬೇಕು? ಈ ಗೆರಿನ ಹೇಳತೈತಿ. ಒಂದ ತಾಸಿಗೆ ನಿಂದು ಇಪ್ಪತ್ತು, ಎರಡಕ್ಕ ನಲವತ್ತು, ಮೂರಕ್ಕ ಅರವತ್ತು. ಎಲ್ಲೆರ ಸೊಟ್ಟ ಐತೇನು ನೋಡು.

ಶನಿವಾರ ಸಂಜೆ ಬೆಂಗಳೂರಿನ ಲಗ್ಗೆರೆಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಸವಿತಾಳ ಮುಂದೆ ಒಂದು ಗ್ರಾಫ್ ಹಾಳೆ ಬಿದ್ದಿತ್ತು. ಅವಳ ಗಂಡ ಪರಮಾನಂದನಿಗೆ ಪೀಣ್ಯದ ಸ್ಪ್ರಿಂಗ್ ಫ್ಯಾಕ್ಟರಿಯಲ್ಲಿ ಕೆಲಸ. ಸ್ಪ್ರಿಂಗಿಗೆ ಭಾರ ತೂಗುಹಾಕಬೇಕು, ಎಷ್ಟು ಹಿಗ್ಗಿತೆಂದು ಬರೆಯಬೇಕು, ಚುಕ್ಕಿ ಸೇರಿಸಿ ಗೆರೆ ಎಳೆಯಬೇಕು. ಭಾರ ಎರಡರಷ್ಟಾದರೆ ಹಿಗ್ಗುವುದೂ ಎರಡರಷ್ಟು. ನಾಲ್ಕು ವರ್ಷ ಇದನ್ನೇ ನೋಡಿ ನೋಡಿ, ಲೋಕವೆಲ್ಲ ಹೀಗೇ ನಡೆಯುತ್ತದೆಂದು ಪುಣ್ಯಾತ್ಮ ನಂಬಿಬಿಟ್ಟಿದ್ದ. ಆ ನಂಬಿಕೆಯ ಮೇಲೆ, ಸೂಪರ್‌ವೈಸರ್ ಕರಿಬಸಪ್ಪನವರೂ ಸೇರಿದಂತೆ ಹದಿನೈದು ಜನರನ್ನು ನಾಳೆ ಜೋಳದ ರೊಟ್ಟಿ ಊಟಕ್ಕೆ ಕರೆದು ಬಂದಿದ್ದ. ತಲೆಗೆ ನಾಲ್ಕು ರೊಟ್ಟಿ. ವಾರಕ್ಕೆ ಆರು ದಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಸವಿತಾಳಿಗೆ ಇರುವುದೇ ಒಂದು ಭಾನುವಾರ. ಅವಳಿಗೆ ಅಳುವೇ ಬಂದಿತ್ತು. ಆದರೆ ಒಂದು ಹಾಳೆಯ ಮುಂದೆ ಅಳುವುದಕ್ಕಿಂತ ಜಗಳವಾಡುವುದೇ ವಾಸಿ ಎನಿಸಿತು.

ಸವಿತಾ: ನಿಮ್ಮ ಗೆರಿ ಎಲ್ಲಿಂದ ಹೊಂಟೈತಿ?

ಪರಮಾನಂದ: ಸೊನ್ನಿಯಿಂದ. ಭಾರ ಇಲ್ಲಂದ್ರ ಹಿಗ್ಗೂದೂ ಇಲ್ಲ.

ಸವಿತಾ: ಹಿಟ್ಟ ಜರಡಿ ಹಿಡೀಬೇಕು, ಎಸರ ಕಾಸಬೇಕು, ಹಿಟ್ಟ ನಾದಬೇಕು, ಹಂಚ ಕಾಯಬೇಕು. ಮುಕ್ಕಾಲ ತಾಸ ಹೋತು, ರೊಟ್ಟಿ ಒಂದೂ ಆಗಿಲ್ಲ. ಅದನ್ನೆಲ್ಲಿ ಬರದೀರಿ?

ಪರಮಾನಂದ ರಬ್ಬರ್ ತೆಗೆದುಕೊಂಡು ಇಡೀ ಗೆರೆಯನ್ನು ಅಳಿಸಿ, ಮುಕ್ಕಾಲು ತಾಸು ಆಚೆಗೆ ಸರಿಸಿ ಎಳೆದ. ಗೆರೆ ಈಗಲೂ ನೆಟ್ಟಗೇ ಇದೆಯೆಂದು ಖುಷಿಪಟ್ಟ. ಮನೆ ಮಾಲಕಿ ಬೈರಮ್ಮನನ್ನೂ ಕೂರಿಸಿಕೊಂಡರೆ ಹೊತ್ತು ಅರ್ಧಕ್ಕರ್ಧ ಉಳಿಯುತ್ತದೆ ಎಂದೂ ಸೂಚಿಸಿದ. ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ ಬೈರಮ್ಮ ತಲೆ ಎತ್ತಿದಳು.

ಬೈರಮ್ಮ: ನಂಗೆ ಮುದ್ದೆ ಕಟ್ಟಾಕ್ ಬತ್ತದೆ ಕಣಪ್ಪ, ರೊಟ್ಟಿ ತಟ್ಟಾಕ್ ಬರಾಕಿಲ್ಲ. ನಾವಿಬ್ರೂ ಕುಂತ್ರೆ ಎಲ್ಡರಷ್ಟ್ ಆಗೋದು ಮಾತು ಒಂದೇಯ.

ಸವಿತಾಳಿಗೆ ನಗು ಬಂತು. ಸಿಟ್ಟು ಅದಕ್ಕೆ ಜಾಗ ಬಿಡಲಿಲ್ಲ.

ಸವಿತಾ: ಸ್ಪ್ರಿಂಗಿಗೆ ಭಾರ ಹಾಕ್ಕೋಂತನ ಹ್ವಾದ್ರ?

ಪರಮಾನಂದ: ಒಂದ ಮಟ್ಟದ ತನಕ ಅಷ್ಟ ಈ ಲೆಕ್ಕ. ಅದನ್ನ ದಾಟಿದ್ರ ಗೆರಿ ಬಾಗತೈತಿ. ಆಮ್ಯಾಲ ಭಾರ ತಗದ್ರೂ ಸ್ಪ್ರಿಂಗ್ ಮೊದಲಿನಂಗ ಆಗೂದಿಲ್ಲ. ಅದಕ್ಕ ಅಲ್ಲಿ ಕೆಂಪ ಗುರ್ತ ಹಾಕ್ತೀವಿ.

ಸವಿತಾ: ನನಗ ಎಲ್ಲಿ ಹಾಕೀರಿ?

ಇಲ್ಲವೆಂದು ಗೊತ್ತಿದ್ದರೂ ಪರಮಾನಂದ ಹಾಳೆಯಲ್ಲಿ ಕೆಂಪು ಹುಡುಕಿದ. ಮೂರು ದಿನಕ್ಕೊಮ್ಮೆ ಹೆಂಡತಿಯ ಭುಜಕ್ಕೆ ನೋವಿನೆಣ್ಣೆ ತಿಕ್ಕುವವನು ಅವನೇ. ನಾಚಿಕೆಯಾಯಿತು. ಜೇಬಿನ ಕೆಂಪು ಪೆನ್ನು ತೆಗೆದು ಅವಳ ಕೈಗಿತ್ತ. ಅವಳು ಮೂವತ್ತರ ಹತ್ತಿರ ಗುರುತು ಹಾಕಿ, ಉಳಿದ ಮೂವತ್ತು ನಿಮ್ಮವು ಎಂದಳು.

ಪರಮಾನಂದ ಅಲ್ಲೇ ಕಲಿಯಲು ಕುಳಿತ. ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಮಣೆ ಬಿಟ್ಟು ಏಳಲಿಲ್ಲ. ಮೂರನೆಯದು ಹಂಚಿನ ಮೇಲೆ ಮೂರು ತುಂಡಾಯಿತು. ನಾಲ್ಕನೆಯದು ರೊಟ್ಟಿ ಹೌದೋ ಅಲ್ಲವೋ ಎಂದು ಬೈರಮ್ಮ ಎದ್ದುಬಂದು ನೋಡಿದಳು. ಅಷ್ಟರಲ್ಲಿ ಸವಿತಾ ಹಾಳೆಯ ಹಿಂಬದಿಗೆ ಚುಕ್ಕಿ ಇಟ್ಟು ಇನ್ನೊಂದು ಗೆರೆ ಎಳೆಯುತ್ತಿದ್ದಳು.

ಪರಮಾನಂದ: ನಿನ್ನ ಮೂವತ್ತಕ್ಕ ಏಳ ಮಂದಿ ಅಷ್ಟ ಬರ್ರಿ ಅಂತ ಕರಿಬಸಪ್ಪನವರಿಗೆ ಫೋನ್ ಮಾಡ್ತೀನಿ. ಯಾಕ ಅಂತ ಕೇಳಿದ್ರ ಏನ ಹೇಳ್ಲಿ?

ಸವಿತಾ: ಈ ಗೆರೀದ ಫೋಟೊ ಕಳಸ್ರಿ. ನೀವು ಒಂದ ರೊಟ್ಟಿ ಬಡದ್ರ ಒಂದ ಹಾಳು, ಎರಡಕ್ಕ ಎರಡು, ನಾಕಕ್ಕ ನಾಕು. ಸೊನ್ನಿಯಿಂದನ ಹೊಂಟೈತಿ, ಎಲ್ಲೂ ಬಾಗಿಲ್ಲ. ಅವರೂ ಸ್ಪ್ರಿಂಗಿನವರ ಅಲ್ಲೇನ್ರಿ, ನೋಡಿದ್ಕೂಡ್ಲೆ ತಿಳೀತೈತಿ.