ಕಪಾಟಿಗೆ ಕೈ ಹಾಕಿದ ಗ್ರಾಮಸೇವಕಿ

ಅಡುಗೆಮನೆಯ ಕಪಾಟು ಒಂದು ವಿಚಿತ್ರ ಜಾಗ. ಹೊರಗೆ ಎಷ್ಟೇ ತಿಳಿವಳಿಕೆಯಿಂದ ನಡೆದುಕೊಳ್ಳುವವರಿಗೂ ಅದರ ಬಾಗಿಲು ತೆಗೆದ ಕೂಡಲೇ ಬುದ್ಧಿ ಬೇರೆ ದಾರಿ ಹಿಡಿಯುತ್ತದೆ. ಒಂದೆರಡು ಸಲ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ನನಗಂತೂ ಹೋದ ಮನೆಯಲ್ಲೆಲ್ಲ ಇದೇ ಆಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತಿಪಟೂರು ಕಡೆಯವಳು, ನರಸಿಂಹರಾಜಪುರಕ್ಕೆ ಹಂಗಾಮಿ ಗ್ರಾಮಸೇವಕಿಯಾಗಿ ಬಂದಿದ್ದೆ. ಕೊಪ್ಪ, ಶೃಂಗೇರಿಗೆ ಜನ ಇಲ್ಲವೆಂದು ಅಲ್ಲಿಗೂ ನನ್ನನ್ನೇ ಓಡಿಸುತ್ತಿದ್ದರು. ಆ ವರ್ಷ ಒಂದು ಸುತ್ತೋಲೆ ಬಂತು. ದವಸ ಧಾನ್ಯದ ಕಪಾಟನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದನ್ನು ಗೃಹಿಣಿಯರಿಗೆ ಕಲಿಸಬೇಕು, ಬೇಡದ್ದನ್ನೆಲ್ಲ ತೆಗೆಸಬೇಕು. ಮಳೆಗಾಲ ಮುಗಿದ ಮೇಲೆ ಜಿಲ್ಲೆಯಿಂದ ಮಹಿಳಾ ಅಧಿಕಾರಿಯೊಬ್ಬರು ಬಂದು ಒಂದು 'ಮಾದರಿ ಕಪಾಟು' ನೋಡುತ್ತಾರೆ.

"ಅದು ಚೆನ್ನಾಗಿದ್ರೆ ನಿಮ್ಮ ಕೆಲಸ ಖಾಯಂ. ಇಲ್ಲದಿದ್ರೆ ಮಾರ್ಚ್ ಕೊನೆಗೆ ಊರಿಗೆ ಹೊರಡೋದೇ" ಎಂದರು ನಮ್ಮ ಬ್ಲಾಕ್ ಅಧಿಕಾರಿ.

ಊರು ಅಂದರೆ ಅಣ್ಣನ ಮನೆ. ಅತ್ತಿಗೆ ಅಳೆದು ಕೊಟ್ಟ ಅಕ್ಕಿಯನ್ನು ಎಲ್ಲರಿಗೂ ಬೇಯಿಸಿ ಹಾಕಿ, ಉಳಿದದ್ದನ್ನು ತಿನ್ನುವ ಕೆಲಸ ಅಲ್ಲಿ ಖಾಯಮ್ಮಾಗಿ ನನಗೆ ಕಾದಿತ್ತು. ಇಲ್ಲಿ ನನಗೆ ಬಾಡಿಗೆಯ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಗೋಡೆಯಲ್ಲಿ ಮೂರು ಗೂಡು ಇದ್ದವು. ಆ ಮೂರು ಗೂಡನ್ನು ಬಿಟ್ಟು ಹೋಗುವುದು ನೆನೆದರೇ ನನಗೆ ಅಳು ಬರುತ್ತಿತ್ತು. ಹಾಗಾಗಿ ಮಾದರಿ ಕಪಾಟು ಹುಡುಕುತ್ತಾ ಮನೆಮನೆ ತಿರುಗಿದೆ.

೧. ಹನ್ನೆರಡು ಡಬ್ಬ

ಮೊದಲು ಕೊಪ್ಪ. ಬಸ್ ಏಜೆಂಟರ ಮನೆ. ಏಜೆಂಟರ ಹೆಂಡತಿಯ ಕಪಾಟಿನಲ್ಲಿ ಒಂದೇ ಅಳತೆಯ ಹನ್ನೆರಡು ಬಿಸ್ಕತ್ತಿನ ಡಬ್ಬಗಳು. ಯಾವುದರಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಒಂದೊಂದನ್ನೂ ಅಲ್ಲಾಡಿಸಿ ಕಿವಿಗೊಟ್ಟು ಕೇಳಬೇಕು. ಅವರು ಸದ್ದಿನ ಮೇಲೆಯೇ ಕಡಲೆಬೇಳೆ, ತೊಗರಿಬೇಳೆ ಬೇರೆ ಬೇರೆ ಹೇಳುತ್ತಿದ್ದರು.

"ಹೀಗಲ್ಲ" ಎಂದು ನಾನು ಚೀಟಿ ಕತ್ತರಿಸಿ, ಮೈದಾ ಅಂಟಿನಲ್ಲಿ ಹಚ್ಚಿ, ಒಂದೊಂದರ ಮೇಲೂ ಹೆಸರು ಬರೆಯುವುದನ್ನು ತೋರಿಸಿಕೊಟ್ಟೆ. ಅವರಿಗೆ ಬಹಳ ಇಷ್ಟವಾಯಿತು. ಉಳಿದ ಚೀಟಿಗಳನ್ನೂ ಈಸಿಕೊಂಡರು.

ಎರಡು ವಾರ ಬಿಟ್ಟು ಹೋದೆ. ಕಪಾಟು ಫಳಫಳ ಹೊಳೆಯುತ್ತಿತ್ತು. ಹನ್ನೆರಡು ಡಬ್ಬಗಳೂ ಸೈನಿಕರ ಹಾಗೆ ಸಾಲಾಗಿ ನಿಂತಿದ್ದವು. ಹನ್ನೆರಡರ ಮೇಲೂ ದುಂಡಗಿನ ಅಕ್ಷರದಲ್ಲಿ 'ಮೆಂತ್ಯ' ಎಂದು ಬರೆದಿತ್ತು.

"ಇದೆಂಥದು ಅಮ್ಮಾ?" ಎಂದೆ.

"ನೀವು ಸಕ್ಕರೆ ಅಂತ ಬರೆದು ಹೋದ್ರಿ. ಮೂರೇ ದಿನಕ್ಕೆ ರೇಷನ್ ಸಕ್ಕರೆ ಖಾಲಿ. ಮಕ್ಕಳು ಓದಿಕೊಂಡು ತಿಂದ್ರು. ಗೋಡಂಬಿ ಅಂತ ಬರೆದಿದ್ದನ್ನ ಇವರು ಓದಿದ್ರು. ಕಾಫಿಪುಡಿ ಅಂತ ಬರೆದಿದ್ದನ್ನ ಪಕ್ಕದ ಮನೆಯವರು ಕಿಟಕಿಯಿಂದಲೇ ಓದಿ, ಎರಡು ಚಮಚ ಕೊಡಿ ಅಂತ ಬಂದ್ರು. ಈಗ ನೋಡಿ, ಹತ್ತು ದಿನ ಆಯ್ತು, ಒಂದು ಪ್ರಾಣಿ ಕೈ ಹಾಕಿಲ್ಲ."

"ಹಾಗಾದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ನಾನು ಅಲ್ಲಾಡಿಸಿ ನೋಡ್ತೀನಿ" ಎಂದರು.

೨. ಅಕಾರಾದಿ

ಬಾಳೆಹೊನ್ನೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನನ್ನ ಭಾಷಣವನ್ನು ಹೆಂಡತಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿದರು. ನಾನು ಹೋದ ಮೇಲೆ ಮನೆಯ ಕಪಾಟಿನಲ್ಲಿದ್ದದ್ದನ್ನೆಲ್ಲ ತಾವೇ ಕೆಳಗಿಳಿಸಿ, ಎಲ್ಲ ಡಬ್ಬಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಬಿಟ್ಟರು. ಅಕ್ಕಿ, ಅವಲಕ್ಕಿ ಮೇಲಿನ ಎಡಗಡೆ ಮೂಲೆಯಲ್ಲಿ, ಹುಣಸೆಹಣ್ಣು ಕೆಳಗಿನ ಬಲಗಡೆ ಮೂಲೆಯಲ್ಲಿ. ಇಂಗು ಸಿಕ್ಕಬೇಕಾದರೆ ಸ್ಟೂಲು ಹತ್ತಬೇಕು, ಸಾಸಿವೆ ಬೇಕಾದರೆ ಕುಕ್ಕುರುಗಾಲಲ್ಲಿ ಕೂರಬೇಕು. ಹತ್ತಿ ಇಳಿದು ಬರುವಷ್ಟರಲ್ಲಿ ಒಗ್ಗರಣೆ ಸೀದು ಕರಕಲು.

ಮೇಷ್ಟ್ರು ನನಗೆ ಹೇಳಿ ಕಳಿಸಿದರು. "ಮಾದರಿ ಅಂದ್ರೆ ಇದು. ಬಂದು ನೋಡಿ, ಊಟಾನೂ ಇಲ್ಲೇ ಮಾಡಿ." ಹೋದೆ. ಎಲೆ ಹಾಕಿದರು. ಮೇಷ್ಟ್ರ ಹೆಂಡತಿ ಅನ್ನ ಬಡಿಸಿ, ಪಕ್ಕದಲ್ಲಿ ಉಪ್ಪಿನಕಾಯಿ ಹಾಕಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಎರಡು ಲೋಟ ಕಾಫಿ.

"ಇದೆಂತದೇ, ಊಟದ ಮಧ್ಯೆ ಕಾಫಿ?" ಎಂದರು ಮೇಷ್ಟ್ರು.

"ಅಕಾರಾದಿ" ಎಂದರು ಅವರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಕುಡಿದೆವು. ಆಮೇಲೆ ತುಪ್ಪ ತಂದರು. ಮೇಷ್ಟ್ರು ಸಿಟ್ಟಿನಲ್ಲಿ ಬೇಡವೆಂದರು. ಪಲ್ಯ ಬಂತು, ಅದರ ಹಿಂದೆ ಮಜ್ಜಿಗೆ ಬಂತು. ಮಜ್ಜಿಗೆ ಅನ್ನ ಮುಗಿಸಿದ ಮೇಲೆ ಹಬೆಯಾಡುವ ಸಾರು ಬಂತು. ಆ ವಾಸನೆಗೆ ಮೇಷ್ಟ್ರ ಸಿಟ್ಟು ಇಳಿಯಿತು. ಮೆತ್ತಗೆ ಕೇಳಿದರು. "ಸಾರಿಗೆ ಒಂದು ಚಮಚ ತುಪ್ಪ ಹಾಕ್ತೀಯಾ?"

"ತುಪ್ಪದ ಸರದಿ ದಾಟಿ ಹೋಯ್ತು. ಇನ್ನು ನಾಳೆ."

೩. ಮನೆಯ ಹಿರಿಯ

ಶೃಂಗೇರಿಯ ಮನೆಯೊಂದರಲ್ಲಿ ಕಪಾಟಿನ ಕೆಳಗಿನ ಅಂಕಣವನ್ನೆಲ್ಲ ಒಂದೇ ಒಂದು ಉಪ್ಪಿನಕಾಯಿ ಭರಣಿ ಹಿಡಿದುಕೊಂಡಿತ್ತು. ಕುಳಿತ ಮಗುವಿನಷ್ಟು ಎತ್ತರ. ಒಳಗೆ ಕಪ್ಪಗಾದ ನಿಂಬೆಕಾಯಿ. ಹಾಕಿದವರು ಮನೆಯ ಅಜ್ಜಿಯ ಅತ್ತೆಯಂತೆ.

"ಇದನ್ನು ತೆಗೆದರೆ ಅರ್ಧ ಕಪಾಟು ಸಿಗುತ್ತೆ" ಎಂದೆ.

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದರು. "ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡೇ ಕೂಸೇ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಬಾಗಿಲಲ್ಲಿ ನನ್ನನ್ನ ನೋಡಿದವರಲ್ಲಿ ಈಗ ಉಳಿದಿರೋದು ಅದೊಂದೇ."

ಒಂದು ಗಂಟೆ ಮಾತಾಡಿದ ಮೇಲೆ, ತೆಗೆಯುವುದು ಬೇಡ, ಜಾಗ ಬದಲಿಸಬಹುದು ಎಂದು ಒಪ್ಪಿದರು. ಆದರೆ ಭರಣಿಯನ್ನು ಮಡಿಯಲ್ಲಿ ಇರುವವರೇ ಮುಟ್ಟಬೇಕು. ಮಡಿಯಲ್ಲಿ ಇದ್ದ ಅಜ್ಜಿಗೆ ಎತ್ತುವ ಶಕ್ತಿ ಇಲ್ಲ, ಎತ್ತುವ ಶಕ್ತಿ ಇದ್ದ ಮಗನಿಗೆ ಮಡಿ ಇಲ್ಲ. ಸರಿ, ನಲವತ್ತು ವರ್ಷದ ಮಗನನ್ನು ಹೊಳೆಗೆ ಅಟ್ಟಿದರು. ಮಿಂದು ಒದ್ದೆ ಪಂಚೆಯಲ್ಲಿ ಬರುತ್ತಿದ್ದವನಿಗೆ ದಾರಿಯಲ್ಲಿ ಪೋಸ್ಟ್‌ಮ್ಯಾನ್ ಕಾಗದ ಕೊಟ್ಟ, ಇವನು ಮರೆತು ಈಸಿಕೊಂಡ. ವಾಪಸ್ ಹೊಳೆಗೆ. ಎರಡನೇ ಸಲ ಹಳೆಯ ಸ್ನೇಹಿತನೊಬ್ಬ ಎದುರಾಗಿ, "ಎಂತ ಮಾರಾಯ, ನೋಡದೆ ಎಷ್ಟು ಕಾಲ ಆಯ್ತು" ಎಂದು ತಬ್ಬಿಕೊಂಡ. ಮತ್ತೆ ಹೊಳೆಗೆ. ಮೂರನೇ ಸಲ ಅವನ ಹೆಂಡತಿ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದು, "ಯಾರೂ ಮುಟ್ಟಬೇಡಿ" ಎಂದು ಕೂಗುತ್ತಾ ಕರೆದುಕೊಂಡು ಬಂದಳು.

ಬಂದವನೇ ಭರಣಿ ಎತ್ತಿದ. ಎತ್ತಿದ ಮೇಲೆ, ಎಲ್ಲಿ ಇಡುವುದೆಂದು ಯಾರೂ ಯೋಚಿಸಿಲ್ಲ ಎಂಬುದು ಗೊತ್ತಾಯಿತು. ಅಟ್ಟದಲ್ಲಿ ಇಲಿ. ಪಡಸಾಲೆಯಲ್ಲಿ ಮೈಲಿಗೆ. ದೇವರ ಕೋಣೆಯಲ್ಲಿ ದೇವರು. ಚರ್ಚೆ ಕಾಲು ಗಂಟೆ ನಡೆಯಿತು. ಮಗ ನೀರು ಸುರಿಸುತ್ತಾ, ನಡುಗುತ್ತಾ, ಭರಣಿ ತಬ್ಬಿಕೊಂಡು ನಿಂತೇ ಇದ್ದ. ಕೊನೆಗೆ ಅಜ್ಜಿ, "ಇರ್ಲಿ, ಅಲ್ಲೇ ಇಟ್ಬಿಡು ಮಾರಾಯ" ಎಂದರು. ಇಟ್ಟ.

ಮರುವಾರ ಹೋದಾಗ ಮಗ ಕಂಬಳಿ ಹೊದ್ದು ಮಲಗಿದ್ದ. ಮೂರು ಸಲ ಮಿಂದದ್ದಕ್ಕೆ ಜ್ವರ ಬಂದಿತ್ತಂತೆ, ಬಾಯಿಗೆ ಏನೂ ಸೇರುತ್ತಿರಲಿಲ್ಲವಂತೆ. ಆ ಭರಣಿಯ ಉಪ್ಪಿನಕಾಯಿ ಗಂಜಿಗೆ ಹಾಕಿ ಕೊಟ್ಟ ಮೇಲೆಯೇ ನಾಲಿಗೆಗೆ ರುಚಿ ಬಂದದ್ದು. ಅಜ್ಜಿ ನನ್ನನ್ನು ನೋಡಿ ಹೇಳಿದರು. "ನೋಡಿದ್ಯಾ? ನಿನ್ನ ಮಾತು ಕೇಳಿ ಅದನ್ನ ಎಸೆದಿದ್ರೆ, ನಿನ್ನ ಮಾತು ಕೇಳಿ ಬಂದ ಜ್ವರಕ್ಕೆ ಎಂತ ಕೊಡ್ತಿದ್ದೆ?"

೪. ಖಾಲಿ ಕೊಡೋದುಂಟಾ

ಅಧಿಕಾರಿ ಬರುವುದಕ್ಕೆ ಮೂರು ವಾರ ಉಳಿದಿತ್ತು. ನನ್ನ ಕೈಯಲ್ಲಿ ಹನ್ನೆರಡು ಮೆಂತ್ಯದ ಡಬ್ಬ, ಒಬ್ಬ ಸಿಟ್ಟಾದ ಮೇಷ್ಟ್ರು, ಒಂದು ಜ್ವರದ ಕೇಸು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ನೆನಪಾದದ್ದು ನರಸಿಂಹರಾಜಪುರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸಾಹೇಬರ ಮನೆ. ಅವರ ಹೆಂಡತಿಯನ್ನು ಊರಿನವರೆಲ್ಲ ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಂಗಡಿಯ ಹಿಂದೆಯೇ ಮನೆ. ಬೇಳೆ ಬೇಕಾದರೆ ನಡುವಿನ ಕಿಟಕಿಯಿಂದ ಕೈ ಚಾಚಿದರೆ ಸಾಕು. ಇಂಥವರ ಮನೆಯ ಕಪಾಟಿನಲ್ಲಿ ಏನಿದ್ದೀತು ಎಂದುಕೊಂಡು ಬಾಗಿಲು ತೆಗೆದೆ.

ಇಪ್ಪತ್ತೆಂಟು ಡಬ್ಬ ಇದ್ದವು. ಒಂದೂ ಆಪಾಳದಲ್ಲ.

"ಇದು ಟೈಲರ್ ಮನೆಯದು, ಹೋದ ಯುಗಾದಿಗೆ ಹೋಳಿಗೆ ಕಳಿಸಿದ್ರು. ಇದು ಕಡಹಿನಬೈಲಿನ ಗೌಡರ ಮನೆಯದು, ಕಜ್ಜಾಯ ಬಂದಿತ್ತು. ಈ ಹಿತ್ತಾಳೆದು ನರ್ಸಮ್ಮಂದು" ಎಂದು ಆಪಾ ಒಂದೊಂದನ್ನೇ ತೋರಿಸಿದರು.

"ಎಲ್ಲಾ ವಾಪಸ್ ಕೊಟ್ಟುಬಿಡಿ ಆಪಾ. ಕಪಾಟು ಖಾಲಿಯಾದ್ರೆ ನನ್ನ ಕೆಲಸ ಉಳಿಯುತ್ತೆ."

"ಕೊಡ್ಬಹುದು ಮೇಡಂ. ಖಾಲಿ ಡಬ್ಬ ಕೊಡೋದುಂಟಾ? ಅದಕ್ಕೇ ಅಲ್ವಾ ಇಲ್ಲೇ ಕೂತಿರೋದು."

ನಮ್ಮೂರಿನಲ್ಲೂ ಅದೇ ಪದ್ಧತಿ. ಖಾಲಿ ಪಾತ್ರೆ ಹಿಂದಿರುಗಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ. ಆಪಾ ಕಿಟಕಿಯಿಂದ ಕೈ ಚಾಚಿದರು. ಶ್ಯಾವಿಗೆ, ಖರ್ಜೂರ, ಒಣದ್ರಾಕ್ಷಿ, ಬೆಲ್ಲ, ಕೈಗೆ ಸಿಕ್ಕಿದ್ದೆಲ್ಲ ಡಬ್ಬಕ್ಕೆ ಹೋಯಿತು. ನಾಲ್ಕು ದಿನದಲ್ಲಿ ಇಪ್ಪತ್ತೆಂಟೂ ಅವರವರ ಮನೆ ಸೇರಿದವು. ಸಾಹೇಬರು ಅಂಗಡಿಯ ಖಾಲಿ ಗೋಣಿಗಳನ್ನು ನೋಡುತ್ತಾ, "ಮೇಡಂ, ಇನ್ನು ನಾಲ್ಕು ದಿನ ಅಚ್ಚುಕಟ್ಟು ಮಾಡಿದ್ರೆ ನಾನು ಬೀಗ ಹಾಕಿ ನಿಮ್ಮ ಆಫೀಸಿಗೇ ಕೆಲಸಕ್ಕೆ ಬರ್ತೀನಿ" ಎಂದರು.

ಕಪಾಟು ಕನ್ನಡಿಯ ಹಾಗಿತ್ತು. ಕಾಗದ ಹಾಸಿ, ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ. ಅಧಿಕಾರಿ ಬರುವ ಹಿಂದಿನ ದಿನ ಟೈಲರ್ ಹೆಂಡತಿ ಬಂದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇಷ್ಟೊಂದು ಖರ್ಜೂರ ಕೊಟ್ಟ ಮೇಲೆ ಸುಮ್ಮನಿರುವುದು ಹೇಗೆಂದು ಚಕ್ಕುಲಿ ಮಾಡಿದ್ದಳಂತೆ. ಅದೇ ಡಬ್ಬದಲ್ಲಿ ತಂದಿದ್ದಳು. ಅವಳ ಹಿಂದೆ ನರ್ಸಮ್ಮ. ಅವರ ಹಿಂದೆ ಗೌಡರ ಆಳು. ಸಂಜೆಯ ಹೊತ್ತಿಗೆ ಲೆಕ್ಕ ಹಾಕಿದರೆ ಮೂವತ್ತೊಂದು ಡಬ್ಬ.

"ಮೂರು ಹೇಗೆ ಹೆಚ್ಚಾಯ್ತು?" ಎಂದು ಕೇಳಿದೆ.

"ಅವು ನಾವು ಏನೂ ಕಳಿಸದೆ ಇದ್ದ ಮನೆಯವು. ಎಲ್ಲರಿಗೂ ಕೊಟ್ಟು ನಮ್ಮನ್ನ ಯಾಕೆ ಬಿಟ್ರಿ ಅಂತ ಬೇಜಾರಾಗಿ ಕಳಿಸಿದ್ದಾರೆ" ಎಂದರು ಆಪಾ.

೫. ಆದೇಶ

ಮರುದಿನ ಅಧಿಕಾರಿ ಬಂದಾಗ ಕಪಾಟಿನ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಆಪಾ ಅದಕ್ಕೆ ಬೆನ್ನು ಕೊಟ್ಟು ನಿಂತು ನಮಸ್ಕಾರ ಮಾಡಿದರು.

"ಸ್ವಲ್ಪ ಸರೀತೀರಾ?" ಎಂದರು ಅಧಿಕಾರಿ.

ಆಪಾ ಸರಿದರು. ಬಾಗಿಲು ತಾನೇ ತೆರೆಯಿತು. ಚಕ್ಕುಲಿ ಡಬ್ಬ ಮೊದಲು ಬಿತ್ತು, ಅದರ ಹಿಂದೆ ಏಳೆಂಟು ಬಿದ್ದವು. ಒಂದು ಉರುಳಿಕೊಂಡು ಹೋಗಿ ಅಧಿಕಾರಿಯ ಚಪ್ಪಲಿಗೆ ತಾಗಿ ನಿಂತಿತು. ನನಗೆ ಅತ್ತಿಗೆಯ ಮುಖ ಕಣ್ಣಮುಂದೆ ಬಂತು.

ಆಪಾ ಮಾತ್ರ ಗಾಬರಿಯಾಗಲಿಲ್ಲ. "ಮೇಡಂ ಮೊದಲ ಸಲ ಮನೆಗೆ ಬಂದಿದ್ದೀರಿ, ಬರಿಗೈಲಿ ಹೇಗೆ ಕಳಿಸೋದು" ಎಂದು ಬಿದ್ದ ಡಬ್ಬವನ್ನೇ ಎತ್ತಿ ಅವರ ಕೈಗೆ ಕೊಟ್ಟರು. ಅಧಿಕಾರಿ ಬೇಡ ಎಂದರು. ಒಂದು ಸಾಲದ್ದಕ್ಕೆ ಬೇಡ ಎಂದರೇನೋ ಎಂದುಕೊಂಡು ಆಪಾ ಎರಡು ಕೊಟ್ಟರು. ಅಷ್ಟರಲ್ಲಿ ಸಾಹೇಬರು ಅಂಗಡಿಯಿಂದ ಓಡಿಬಂದು ಡ್ರೈವರನ ಜೊತೆ ಸೇರಿ ಒಂದೊಂದಾಗಿ ಎಲ್ಲವನ್ನೂ ಜೀಪಿಗೆ ಸಾಗಿಸಿದರು. ಅಧಿಕಾರಿ ಬೇಡ ಬೇಡ ಎನ್ನುತ್ತಿರುವಾಗಲೇ ಕಪಾಟು ಬರಿದಾಯಿತು. ಅವರು ತಿರುಗಿ ಅದನ್ನು ನೋಡಿ, ಕನ್ನಡಕ ಏರಿಸಿ, "ಈಗ ಬರ್ಕೋಬಹುದು" ಎಂದು ಏನೋ ಬರೆದುಕೊಂಡು ಹೋದರು. ಏನು ಬರೆದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಜಿಲ್ಲೆಯ ಜೀಪು ಬಂದು ಆಪಾಳ ಡಬ್ಬಗಳನ್ನು ವಾಪಸ್ ಕೊಟ್ಟು ಹೋಯಿತೆಂದು ಸುದ್ದಿ ಬಂತು. ನನಗೆ ಮಾತ್ರ ಆದೇಶ ಬರಲಿಲ್ಲ. ಮಾರ್ಚ್ ಮುಗಿಯಿತು. ಬ್ಲಾಕ್ ಅಧಿಕಾರಿ ತಲೆ ತಗ್ಗಿಸಿ, "ಏನು ಮಾಡೋಕಾಗತ್ತೆ ತಾಯಿ" ಎಂದರು. ಅತ್ತಿಗೆಯಿಂದ ಕಾಗದ ಬಂದಿತ್ತು. 'ಬೇಗ ಬಾ, ಅಡುಗೆಯವಳನ್ನು ಬಿಡಿಸಿದ್ದೇವೆ.' ಮೂರು ಗೂಡಿನ ಸಾಮಾನನ್ನು ಒಂದು ಟ್ರಂಕಿಗೆ ತುಂಬಿ, ಸ್ಟೌ ಮಾರಿ, ಒಬ್ಬಳೇ ಕೂತು ಚೆನ್ನಾಗಿ ಅತ್ತೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ.

ಟ್ರಂಕು ಬಸ್ಸಿನ ಮೇಲೆ ಏರಿತ್ತು. ಆಪಾ ಓಡೋಡಿ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬ, ಡಬ್ಬದ ತುಂಬ ಇರುವೆ.

"ಮೇಡಂ, ಬೈಬೇಡಿ. ಜೀಪಲ್ಲಿ ಬಂದ ಡಬ್ಬ ಎಲ್ಲಾ ಹಾಗೇ ಕಪಾಟಿಗೆ ತುರುಕಿದ್ದೆ. ಇವತ್ತು ಇರುವೆ ಸಾಲು ನೋಡಿ, ಎಲ್ಲಿಗೆ ಹೋಗ್ತಾವೆ ಅಂತ ಹಿಂದಿನಿಂದ ಹೋದ್ರೆ, ಇದು."

ಒಳಗೆ ಎರಡು ರವೆ ಉಂಡೆ. ಉಂಡೆಯ ಕೆಳಗೆ, ತುಪ್ಪದ ಕಲೆಯಾದ ಸರ್ಕಾರಿ ಲಕೋಟೆ. ಲಕೋಟೆಯಲ್ಲಿ ನನ್ನ ಖಾಯಂ ಆದೇಶ, ಜನವರಿ ತಾರೀಖಿನದು. ಜೊತೆಗೆ ಅಧಿಕಾರಿಯ ಕೈಬರಹದ ಚೀಟಿ: 'ಗ್ರಾಮಸೇವಕಿಗೆ ತಲುಪಿಸಿ. ಆಫೀಸಿಗೆ ಕಳಿಸಿದರೆ ಯಾರದೋ ಮೇಜಿನ ಮೇಲೆ ಕೊಳೆಯುತ್ತದೆ, ಹಾಗಾಗಿ ಡಬ್ಬದಲ್ಲಿ ಇಟ್ಟಿದ್ದೇನೆ.'

ನಾನು ಬರುವುದಿಲ್ಲ ಎಂದು ಕೂಗಿ ಹೇಳಿ, ಬಸ್ಸಿನ ಮೆಟ್ಟಿಲ ಮೇಲೆ ಕೂತೆ. ಕಂಡಕ್ಟರ್ ಟ್ರಂಕು ಇಳಿಸುತ್ತಿದ್ದ. ಆಪಾ ಇನ್ನೂ ಅಪರಾಧಿಯ ಹಾಗೆ ನಿಂತೇ ಇದ್ದರು.

"ಕಪಾಟಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ ಅಂತ ನೀವು ಹತ್ತು ಸಲ ಹೇಳಿದ್ರಿ ಮೇಡಂ. ನಾನು ಒಂದು ದಿನಾನೂ ಇಡ್ಲಿಲ್ಲ. ಇಟ್ಟಿದ್ರೆ ಇರುವೆ ಹತ್ತುತ್ತಿರಲಿಲ್ಲ."

"ಇಟ್ಟಿದ್ರೆ ನಾನು ಈ ಬಸ್ಸು ಹತ್ತಿ ಹೋಗಿರ್ತಿದ್ದೆ ಆಪಾ" ಎಂದೆ.